ಅರಸನ ಬಿಡುಗಡೆಗೆ ಬೆಳ್ಳಿ ತೆತ್ತವರು ಯಾರು?

ಕ್ರಿ.ಶ. 1192ರ ಡಿಸೆಂಬರ್ ತಿಂಗಳು. ವಿಯೆನ್ನಾ ನಗರದ ಹೊರವಲಯದಲ್ಲಿ ಮಾರುವೇಷದಲ್ಲಿದ್ದ ಪ್ರಯಾಣಿಕನೊಬ್ಬನನ್ನು ಆಸ್ಟ್ರಿಯಾದ ಡ್ಯೂಕ್ ಐದನೆಯ ಲಿಯೋಪೋಲ್ಡನ ಭಟರು ಸೆರೆಹಿಡಿದರು. ಸಿಕ್ಕಿಬಿದ್ದವನು ಸಾಮಾನ್ಯನಲ್ಲ. ಮೂರನೆಯ ಕ್ರುಸೇಡ್ ಮುಗಿಸಿ ಪ್ಯಾಲೆಸ್ತೀನಿನಿಂದ ಮರಳುತ್ತಿದ್ದ ಇಂಗ್ಲೆಂಡಿನ ಅರಸ ಒಂದನೆಯ ರಿಚರ್ಡ್, ಅರ್ಥಾತ್ 'ಸಿಂಹಹೃದಯಿ' ರಿಚರ್ಡ್. ಹಿಂದಿನ ವರ್ಷ ಏಕರ್ ನಗರ ವಶವಾದಾಗ ಲಿಯೋಪೋಲ್ಡನ ಧ್ವಜವನ್ನು ಕೋಟೆಗೋಡೆಯಿಂದ ಕಿತ್ತೆಸೆಯಲಾಗಿತ್ತು. ಆ ಅವಮಾನವನ್ನು ಡ್ಯೂಕ್ ಮರೆತಿರಲಿಲ್ಲ. ಡ್ಯಾನ್ಯೂಬ್ ನದಿಯ ದಂಡೆಯ ಡ್ಯೂರ್ನ್‌ಸ್ಟೈನ್ ದುರ್ಗದಲ್ಲಿ ಅರಸನನ್ನು ಬಂಧಿಸಿಡಲಾಯಿತು.

ಯೂರೋಪಿನ ಜನಪದ ಈ ಸೆರೆಯನ್ನು ನೆನಪಿಟ್ಟಿರುವ ಬಗೆಯೇ ಬೇರೆ. ಅರಸ ಎಲ್ಲಿದ್ದಾನೆಂದು ತಿಳಿಯದೆ ಆತನ ಆಸ್ಥಾನಗಾಯಕ ಬ್ಲಾಂಡೆಲ್ ಊರೂರು ಅಲೆಯುತ್ತಾನೆ. ಕೋಟೆಯೊಂದರ ಬಳಿ, ತಾವಿಬ್ಬರಿಗೆ ಮಾತ್ರ ಗೊತ್ತಿದ್ದ ಹಾಡು ಅವನ ಕಿವಿಗೆ ಬೀಳುತ್ತದೆ. ಅರಸನ ಸುಳಿವು ಸಿಗುತ್ತದೆ. ಕೇಳಲು ಹಿತವಾದ ಕಥೆ. ಆದರೆ ಇದು ಮೊದಲು ಬರಹದಲ್ಲಿ ಕಾಣಿಸಿಕೊಳ್ಳುವುದು 1260ರ ಸುಮಾರಿಗೆ, ಘಟನೆ ನಡೆದು ಹೆಚ್ಚುಕಡಿಮೆ ಏಳು ದಶಕಗಳ ನಂತರ. ಬ್ಲಾಂಡೆಲ್ ಹೆಸರಿನ ಕವಿ ಇದ್ದದ್ದು ನಿಜ. ಕೋಟೆ ಹುಡುಕಿದ್ದಕ್ಕೆ ಆಧಾರವಿಲ್ಲ.

ಹುಡುಕುವ ಅಗತ್ಯವೂ ಇರಲಿಲ್ಲ. ಸೆರೆಯಾದ ಕೆಲವೇ ದಿನಗಳಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಆರನೆಯ ಹೆನ್ರಿ ಈ ಸುದ್ದಿಯನ್ನು ಫ್ರಾನ್ಸಿನ ದೊರೆ ಫಿಲಿಪ್‌ನಿಗೆ ಸಂತೋಷದಿಂದ ಬರೆದು ತಿಳಿಸಿದ್ದ. ಆ ಪತ್ರದ ಪ್ರತಿ ಇಂಗ್ಲೆಂಡಿನ ಅಧಿಕಾರಿಗಳ ಕೈಸೇರಿತು. ಅವರು ಕಳುಹಿಸಿದ ಇಬ್ಬರು ಮಠಾಧಿಪತಿಗಳು 1193ರ ಮಾರ್ಚ್‌ನಲ್ಲಿ ಅರಸನನ್ನು ಕಂಡು ಮಾತನಾಡಿದರು. ಆ ವೇಳೆಗೆ ಲಿಯೋಪೋಲ್ಡ್ ತನ್ನ ಪಾಲನ್ನು ಕುದುರಿಸಿಕೊಂಡು ಬಂದಿಯನ್ನು ಚಕ್ರವರ್ತಿಗೆ ಒಪ್ಪಿಸಿದ್ದ. ಅರಸನೊಬ್ಬ ಸರಕಿನಂತೆ ಕೈ ಬದಲಾಯಿಸಿದ್ದ.

ಅಂತಿಮವಾಗಿ ನಿಗದಿಯಾದ ಒತ್ತೆಹಣ 1,50,000 ಮಾರ್ಕ್ ಬೆಳ್ಳಿ. ಮಾರ್ಕ್ ಎಂಬುದು ಅಂದಿನ ತೂಕದ ಅಳತೆ. ಕಲೋನ್ ನಗರದ ಮಾರ್ಕ್ ಲೆಕ್ಕದಲ್ಲಿ ಇದು ಸುಮಾರು 35 ಟನ್ ಬೆಳ್ಳಿಯಾಗುತ್ತದೆ. ಇದರಲ್ಲಿ 1,00,000 ಮಾರ್ಕ್ ಬಿಡುಗಡೆಗೆ ಮೊದಲೇ ಸಲ್ಲಬೇಕು. ಉಳಿದುದಕ್ಕೆ ಕುಲೀನ ಮನೆತನಗಳವರನ್ನು ಒತ್ತೆಯಾಳುಗಳಾಗಿ ಒಪ್ಪಿಸಬೇಕು. ಮೊದಲ ಕಂತೊಂದೇ ಇಂಗ್ಲೆಂಡಿನ ಅರಸೊತ್ತಿಗೆಯ ಒಂದು ವರ್ಷದ ಆದಾಯದ ಎರಡು ಪಟ್ಟಿಗೂ ಮಿಗಿಲಾಗಿತ್ತು.

ಉಣ್ಣೆಯಿಂದ ಪೂಜಾಪಾತ್ರೆಯವರೆಗೆ

ಇಷ್ಟು ಬೆಳ್ಳಿ ಬಂದದ್ದು ಎಲ್ಲಿಂದ? ಕಥೆ ಮುಟ್ಟದ ಪ್ರಶ್ನೆ ಇದು. ಪಾದ್ರಿಗಳು, ಗೃಹಸ್ಥರು ಎಂಬ ಭೇದವಿಲ್ಲದೆ ಪ್ರತಿಯೊಬ್ಬರ ಆದಾಯ ಹಾಗೂ ಚರಾಸ್ತಿಯ ನಾಲ್ಕನೇ ಒಂದು ಭಾಗವನ್ನು ತೆರಿಗೆಯಾಗಿ ವಿಧಿಸಲಾಯಿತು. ಸೈನಿಕ ಸೇವೆಗೆಂದು ಭೂಮಿ ಪಡೆದವರು ಪ್ರತಿ ಹಿಡುವಳಿಗೆ 20 ಷಿಲ್ಲಿಂಗ್ ಕೊಡಬೇಕಾಯಿತು. ಚರ್ಚುಗಳ ಚಿನ್ನ-ಬೆಳ್ಳಿಯ ಪೂಜಾಪಾತ್ರೆಗಳು ಕರಗಿದವು. ಬಡತನದ ವ್ರತ ತೊಟ್ಟು ಕುರಿ ಸಾಕುತ್ತಿದ್ದ ಸಿಸ್ಟರ್ಸಿಯನ್ ಮಠಗಳಲ್ಲಿ ಕೊಡಲು ಬೆಳ್ಳಿ ಇರಲಿಲ್ಲ. ಅವು ಆ ವರ್ಷದ ಉಣ್ಣೆಯನ್ನೇ ಒಪ್ಪಿಸಿದವು. ಇದೇ ಪ್ರಜೆಗಳು ಐದು ವರ್ಷ ಹಿಂದೆ, 1188ರಲ್ಲಿ, ಕ್ರುಸೇಡ್ ಖರ್ಚಿಗೆಂದು 'ಸಲಾದಿನ್ ದಶಾಂಶ' ಎಂಬ ತೆರಿಗೆ ತೆತ್ತು ಬಳಲಿದ್ದರು ಎಂಬುದು ಇಲ್ಲಿ ಗಮನಾರ್ಹ.

ಸಂಗ್ರಹವಾದ ಸಂಪತ್ತನ್ನು ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿ ರಾಜಮಾತೆ ಎಲೀನರ್ ಮೊದಲಾದವರ ಮುದ್ರೆಯೊತ್ತಿ ಇಡಲಾಯಿತು. ಚಕ್ರವರ್ತಿಯ ದೂತರೇ ಬಂದು ತೂಕ ನೋಡಿದರು. ಸಾಮ್ರಾಜ್ಯದ ಗಡಿ ಮುಟ್ಟುವವರೆಗೆ ಬೆಳ್ಳಿಯ ನಷ್ಟಕ್ಕೆ ರಿಚರ್ಡನೇ ಹೊಣೆ ಎಂಬ ಷರತ್ತೂ ಇತ್ತು. ಇಂದಿನ ಸಾಗಣೆ ಕರಾರುಗಳನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದುದೇನೂ ಕಾಣದು. ಇತ್ತ ರಿಚರ್ಡನ ತಮ್ಮ ಜಾನ್ ಮತ್ತು ದೊರೆ ಫಿಲಿಪ್ ಸೇರಿ, ಬಂದಿಯನ್ನು ಇನ್ನಷ್ಟು ಕಾಲ ಬಿಡದಿದ್ದರೆ ತಾವೇ ಹಣ ಕೊಡುವುದಾಗಿ ಚಕ್ರವರ್ತಿಗೆ ಆಮಿಷವೊಡ್ಡಿದರು. ಹರಾಜು ಎಂಬ ಮಾತಿಗೆ ಇನ್ನೇನು ಬಾಕಿ? ಸೆರೆಯಲ್ಲಿದ್ದ ರಿಚರ್ಡ್ ಸ್ವತಃ ಫ್ರೆಂಚ್ ಭಾಷೆಯಲ್ಲಿ ಹಾಡೊಂದನ್ನು ಕಟ್ಟಿದ್ದಾನೆ. ಮಿತ್ರರು ತನ್ನನ್ನು ಬಿಡಿಸಲು ತಡಮಾಡುತ್ತಿದ್ದಾರೆ ಎಂಬುದೇ ಅದರ ಅಳಲು.

ಆ ಅಳಲಿನ ಹಿಂದೆ ಒಂದು ಕಹಿ ವ್ಯಂಗ್ಯವಿದೆ. 1187ರಲ್ಲಿ ಜೆರುಸಲೇಮನ್ನು ಗೆದ್ದ ಸಲಾದಿನ್, ನಗರವಾಸಿಗಳ ಬಿಡುಗಡೆಗೆ ಗಂಡಸಿಗೆ 10, ಹೆಂಗಸಿಗೆ 5 ದಿನಾರ್ ದರ ಗೊತ್ತುಮಾಡಿದ್ದ. ಸಾವಿರಾರು ಬಡವರ ಪರವಾಗಿ ಒಟ್ಟಾಗಿ 30,000 ದಿನಾರ್ ಸಲ್ಲಿಸಲಾಯಿತು. ಆದರೂ ಹಣ ಹೊಂದಿಸಲಾಗದ ಸಾವಿರಾರು ಜನ ಗುಲಾಮರಾದರು. ನಾಲ್ಕು ವರ್ಷಗಳ ಬಳಿಕ ಏಕರ್ ನಗರ ಶರಣಾದಾಗ ಅಲ್ಲಿನ ಮುಸ್ಲಿಂ ಸೈನಿಕರಿಗೆ 2,00,000 ದಿನಾರ್ ಒತ್ತೆಹಣ ನಿಗದಿಯಾಯಿತು. ಕಂತು ತಡವಾಯಿತು. 1191ರ ಆಗಸ್ಟ್ 20ರಂದು ಸುಮಾರು 2,700 ಸೆರೆಯಾಳುಗಳನ್ನು ನಗರದ ಹೊರಗೆ ಕೊಂದುಹಾಕಲಾಯಿತು. ಹಾಗೆ ಆಜ್ಞೆಯಿತ್ತವನು ಇದೇ ರಿಚರ್ಡ್. ಅವನ ಸ್ವಂತ ಕಂತು ತಡವಾದಾಗ ಮಾತ್ರ ಚಕ್ರವರ್ತಿ ಕಾದ. ಅರಸನೊಬ್ಬ ಜೀವಂತವಾಗಿದ್ದರೇ ಲಾಭ.

1194ರ ಫೆಬ್ರುವರಿ 4ರಂದು ಮೈನ್ಜ್ ನಗರದಲ್ಲಿ ರಿಚರ್ಡನ ಬಿಡುಗಡೆಯಾಯಿತು. ಇಂಗ್ಲೆಂಡಿನ ಬೆಳ್ಳಿಯ ಬಲದಿಂದ ಚಕ್ರವರ್ತಿ ಅದೇ ವರ್ಷ ಸಿಸಿಲಿಯನ್ನು ಗೆದ್ದ. ಲಿಯೋಪೋಲ್ಡನ ಪಾಲು ವಿಯೆನ್ನಾದ ಕೋಟೆಗೋಡೆಗೆ, ವೀನರ್ ನಾಯ್‌ಸ್ಟಾಟ್ ಎಂಬ ಹೊಸ ಪಟ್ಟಣದ ನಿರ್ಮಾಣಕ್ಕೆ ವಿನಿಯೋಗವಾಯಿತು. ಬಾಕಿ ಬಾರದಿದ್ದರೆ ಒತ್ತೆಯಾಳುಗಳ ತಲೆ ತೆಗೆಯುವುದಾಗಿ ಆತ ಬೆದರಿಸಿದ್ದೂ ಉಂಟು. ಕ್ರುಸೇಡಿನಿಂದ ಮರಳುವವನನ್ನು ಹಿಡಿದ ತಪ್ಪಿಗೆ ಪೋಪ್ ಅವನಿಗೆ ಬಹಿಷ್ಕಾರ ಹಾಕಿದ್ದರು. ವರ್ಷದ ಕೊನೆಯಲ್ಲಿ ಕುದುರೆಯಿಂದ ಬಿದ್ದು, ಕಾಲು ಜಜ್ಜಿಹೋಗಿ ಅವನು ಸತ್ತ. ಒತ್ತೆಯಾಳುಗಳು ಬದುಕಿಕೊಂಡರು.

ಇನ್ನೊಂದು ಹೆಸರು

ಇಂಗ್ಲೆಂಡಿನಲ್ಲಿ ತೆರಿಗೆಯ ಭಾರ ಅಷ್ಟಕ್ಕೆ ಇಳಿಯಲಿಲ್ಲ. ಫ್ರಾನ್ಸಿನೊಡನೆ ಯುದ್ಧ ಮತ್ತೆ ಆರಂಭವಾಗಿತ್ತು. ಲಂಡನ್ನಿನ ಸಿರಿವಂತರು ಜಾರಿಕೊಂಡು ಹೊರೆಯನ್ನೆಲ್ಲ ಬಡವರ ಮೇಲೆ ಹಾಕುತ್ತಿದ್ದಾರೆಂದು ವಿಲಿಯಂ ಫಿಟ್ಸ್ ಆಸ್ಬರ್ಟ್ ಎಂಬ ಉದ್ದಗಡ್ಡದ ನಾಗರಿಕನೊಬ್ಬ ದನಿಯೆತ್ತಿದ. ಸ್ವತಃ ಕ್ರುಸೇಡಿಗೆ ಹೋಗಿ ಬಂದವನು ಆತ. ಜನ ಅವನ ಹಿಂದೆ ನೆರೆದರು. 1196ರಲ್ಲಿ ಅವನು ಚರ್ಚೊಂದರಲ್ಲಿ ಆಶ್ರಯ ಪಡೆದಾಗ ಆರ್ಚ್‌ಬಿಷಪ್ಪರ ಆಜ್ಞೆಯಂತೆ ಬೆಂಕಿಯಿಕ್ಕಿ ಹೊರಗೆಳೆದು ಗಲ್ಲಿಗೇರಿಸಲಾಯಿತು. ಗಲ್ಲುಗಂಬದ ಬುಡದ ಮಣ್ಣನ್ನು ಪವಿತ್ರವೆಂದು ಜನ ಕೆರೆದು ಒಯ್ದರೆಂದು ಸಮಕಾಲೀನ ಇತಿಹಾಸಕಾರ ನ್ಯೂಬರ್ಗಿನ ವಿಲಿಯಂ ದಾಖಲಿಸಿದ್ದಾನೆ. ಆದರೆ ಬ್ಲಾಂಡೆಲ್ ಉಳಿದಂತೆ ಈ ಹೆಸರು ಜನಮನದಲ್ಲಿ ಉಳಿಯಲಿಲ್ಲ. ಬಡವರ ಬಂಧು ರಾಬಿನ್ ಹುಡ್‌ನನ್ನು ಕಥೆಗಾರರು ಕಾಲಾಂತರದಲ್ಲಿ ರಿಚರ್ಡನ ಕಾಲಕ್ಕೆ ತಂದು ಕೂರಿಸಿದರು. 1938ರ ಹಾಲಿವುಡ್ ಚಿತ್ರದಲ್ಲಂತೂ ಆತ ಅರಸನ ಒತ್ತೆಹಣದ ರಕ್ಷಕನೇ ಆಗಿಬಿಟ್ಟಿದ್ದಾನೆ!

ಕಾಳಗ ನಿಂತೊಡನೆ ಯುದ್ಧಕೈದಿಗಳನ್ನು ತಡಮಾಡದೆ ಬಿಡಬೇಕೆಂಬ ನಿಯಮ 1949ರ ಜಿನೀವಾ ಒಪ್ಪಂದದ್ದು. ಮಧ್ಯಯುಗದಲ್ಲಿ ಸೆರೆಯಾಳು ಹಿಡಿದವನ ಆಸ್ತಿ. 1356ರಲ್ಲಿ ಪ್ವಾಟಿಯೆ ಕದನದಲ್ಲಿ ಇಂಗ್ಲಿಷರಿಗೆ ಸಿಕ್ಕಿಬಿದ್ದ ಫ್ರಾನ್ಸಿನ ದೊರೆ ಎರಡನೆಯ ಜಾನ್‌ಗೆ 30 ಲಕ್ಷ ಚಿನ್ನದ ನಾಣ್ಯಗಳ ಬೆಲೆ ಕಟ್ಟಲಾಯಿತು. ಅವನ ಬಿಡುಗಡೆಯ ಸಂದರ್ಭದಲ್ಲಿ, 1360ರಲ್ಲಿ, ಹೊರಬಂದ ಹೊಸ ನಾಣ್ಯವೇ 'ಫ್ರಾಂಕ್'. ಆ ಪದಕ್ಕೆ 'ಸ್ವತಂತ್ರ' ಎಂಬ ಅರ್ಥವಿದೆ. ಬಾಕಿಗೆ ಒತ್ತೆಯಾಗಿದ್ದ ಅವನ ಮಗ ತಪ್ಪಿಸಿಕೊಂಡಾಗ, ಕೊಟ್ಟ ಮಾತಿಗೆ ಭಂಗ ಬಂತೆಂದು ಜಾನ್ ತಾನಾಗಿಯೇ ಲಂಡನ್ನಿಗೆ ಮರಳಿ, 1364ರಲ್ಲಿ ಅಲ್ಲಿಯೇ ತೀರಿಕೊಂಡ.

ಬಾಕಿ ಹಣಕ್ಕೆ ಮಕ್ಕಳನ್ನು ಒತ್ತೆಯಿಡುವ ಈ ಪದ್ಧತಿಯನ್ನು ಕನ್ನಡನಾಡೂ ಕಂಡಿದೆ. ಅಲ್ಲಿ ಹಣ ಸೆರೆಯಾಳಿನ ಬೆಲೆಯಾಗಿರಲಿಲ್ಲ, ಸೋತ ರಾಜ್ಯ ತೆರಬೇಕಾದ ಯುದ್ಧದಂಡವಾಗಿತ್ತು ಎಂಬುದಷ್ಟೇ ವ್ಯತ್ಯಾಸ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ್ ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಯಿತು. ಅದು ಸಲ್ಲುವವರೆಗೆ ಆತನ ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ವಶದಲ್ಲಿರಬೇಕೆಂದು ಗೊತ್ತಾಯಿತು. ಮಕ್ಕಳನ್ನು ಆತ ಆದರದಿಂದ ಬರಮಾಡಿಕೊಳ್ಳುವ ದೃಶ್ಯವನ್ನು ರಾಬರ್ಟ್ ಹೋಮ್, ಮ್ಯಾದರ್ ಬ್ರೌನ್ ಮೊದಲಾದ ಬ್ರಿಟಿಷ್ ಚಿತ್ರಕಾರರು ಬಗೆಬಗೆಯಾಗಿ ಚಿತ್ರಿಸಿದರು. ಆ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಕರುಣಾಮಯಿ ತಂದೆಯಂತೆ ಕಾಣುತ್ತಾನೆ. ಮೈಸೂರಿನಲ್ಲಿ ಮಾತ್ರ ಅಮಲ್ದಾರರು ರೈತರಿಂದ, ವರ್ತಕರಿಂದ ದಂಡದ ಹಣ ಎತ್ತುತ್ತಿದ್ದರು. ಮದರಾಸಿನಲ್ಲಿದ್ದ ಮಕ್ಕಳು ತಂದೆಯನ್ನು ಮತ್ತೆ ಸೇರಿದ್ದು 1794ರಲ್ಲಿ, ದೇವನಹಳ್ಳಿಯಲ್ಲಿ.