‘ನೀಗಂಗಿಲ್ಲ’ ಅಂದರೆ ಏನು ನೀಗಂಗಿಲ್ಲ?

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತೊಂದಿದೆ: ‘ನೀಗಂಗಿಲ್ಲ’. ಬೇರೆ ಸೀಮೆಯ ಓದುಗರಿಗೆ ಹೇಳುವುದಾದರೆ, ‘ನನ್ನಿಂದ ಆಗುವುದಿಲ್ಲ, ನಿಭಾಯಿಸಲಾರೆ’ ಎಂದು ಅರ್ಥ. ಎತ್ತು ಕಟ್ಟೂದು ನೀಗಂಗಿಲ್ಲ, ಬಾವಿ ತೋಡಸೂದು ನೀಗಂಗಿಲ್ಲ, ಮಕ್ಕಳನ್ನು ಓದಸೂದು ನೀಗಂಗಿಲ್ಲ. ಪತ್ರಿಕೆಯ ಗೆಳೆಯರು ಒಂದು ಲೇಖನ ಬರೆಯಿರಿ ಎಂದಾಗ ನನ್ನ ಬಾಯಿಂದ ಬಂದದ್ದೂ ಅದೇ. ‘ಏಳನೆತ್ತೆ ಕಲಿತವ ನಾನು, ಬರಿಯೂದು ನೀಗಂಗಿಲ್ಲರೀ.’ ಅಂದ ಮೇಲೆ ನನಗೇ ನಗು ಬಂತು. ಯಾಕೆಂದರೆ ಇದೇ ಮಾತಿನ ಜೊತೆ ಜಗಳಾಡುತ್ತಲೇ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ.

ನನ್ನ ಊರು ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣಾ ಹೊಳೆ ದಾಟಿ ಸಾವಳಗಿ ಕಡೆ. ಆರು ಎಕರೆ ಎರಿ ಹೊಲ. ಮಳೆ ಬಿಟ್ಟರೆ ಬೇರೆ ನೀರಿಲ್ಲ. ನಾನು ಸಣ್ಣವನಿದ್ದಾಗ ಹೊಳೆ ಮಳೆಗಾಲದಾಗ ದಂಡೆ ತುಂಬಿ ಹರಿದು ಬೇಸಿಗೆಗೆ ಬತ್ತುತ್ತಿತ್ತು. ಮಂದಿ ಉಸುಕಿನಾಗ ಒರತಿ ತೋಡುತ್ತಿದ್ದರು. ‘ಇಲ್ಲೊಂದು ಬ್ಯಾರೇಜ್ ಆಗಬೇಕು’ ಎಂದು ಕಟ್ಟೆಯ ಮೇಲೆ ಕೂತವರೆಲ್ಲ ಹೇಳುವವರೇ. ಈ ಮಾತನ್ನು ಸ್ವಲ್ಪ ನೋಡಿರಿ. ‘ಆಗಬೇಕು’ ಅಂತ ಇದೆ, ಯಾರು ಮಾಡಬೇಕು ಅನ್ನೋದು ಅದರಾಗ ಇಲ್ಲ. ಕೇಳಿದರೆ ‘ಸರಕಾರ’ ಅನ್ನುವರು. ಅಲ್ಲಿಗೆ ಮಾತು ಮುಗಿಯಿತು, ಎಲೆ ಅಡಿಕೆ ಹಾಕಿಕೊಂಡು ಮನೆಗೆ.

ಸಿದ್ದು ನ್ಯಾಮಗೌಡರು ಮತ್ತು ಕೃಷ್ಣಾ ತೀರ ರೈತ ಸಂಘದವರು ಮಾಡಿದ್ದೇನೆಂದರೆ, ‘ಆಗಬೇಕು’ ಅನ್ನೋದನ್ನು ‘ಕಟ್ಟೋಣ’ ಎಂದು ಬದಲಿಸಿದರು. ಹಾಗೆ ಅಂದ ಕೂಡಲೇ ಯಾರು ಎಷ್ಟು ಕೊಡಬೇಕು, ಯಾರು ಕೆಲಸಕ್ಕೆ ಬರಬೇಕು ಅನ್ನೋ ಲೆಕ್ಕ ಸುರುವಾಗಲೇಬೇಕು. 1989ರಲ್ಲಿ ಚಿಕ್ಕಪಡಸಲಗಿ ಹತ್ತಿರ ಸರಕಾರದ ದುಡ್ಡಿಗೆ ಕಾಯದೆ, ರೈತರ ವಂತಿಗೆ ಮತ್ತು ಶ್ರಮದಾನದಿಂದ ಬ್ಯಾರೇಜ್ ನಿಂತಿತು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರು. ನ್ಯಾಮಗೌಡರನ್ನು ಮಂದಿ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ರಾಜಕೀಯ ನಮಗೆ ಇಲ್ಲಿ ಬೇಡ.

ಆಗ ನಮ್ಮಪ್ಪ ಏನಂದ ಗೊತ್ತೇನು? ‘ಸರಕಾರಕ್ಕ ನೀಗದ್ದು ಇವರಿಗೆ ನೀಗತೈತೇನು?’ ನಾನೂ ಹೌದೌದು ಅಂದೆ. ಮೈಯಾಗ ಕಸುವಿದ್ದ ವಯಸ್ಸು, ಒಂದು ದಿನವೂ ಬುಟ್ಟಿ ಹೊರಲಿಲ್ಲ. ನೀರು ನಿಂತ ಮೇಲೆ ಸೈಕಲ್ ಹೊಡೆದುಕೊಂಡು ನೋಡಾಕ ಹೋದೆ. ಕೆಲಸ ಮಾಡಿದವರು ಅಲ್ಲಿ ಗುರುತು ಹಿಡಿದು ಮಾತಾಡಿಸಿದರು. ನನಗೆ ತಲೆ ಎತ್ತಿ ನೋಡಾಕ ಆಗಲಿಲ್ಲ.

ಆ ನೀರು ನಮ್ಮ ಹೊಲಕ್ಕೆ ಮುಟ್ಟಲಿಲ್ಲ, ಇವತ್ತಿಗೂ ಮುಟ್ಟಿಲ್ಲ. ನಮ್ಮ ಹೊಲದ ಮಾತು ಬೇರೆ ಇತ್ತು: ‘ಮಳಿ ಇಲ್ಲ, ಏನೂ ಮಾಡಾಕ ಬರಂಗಿಲ್ಲ.’ ಅಪ್ಪ ಹೇಳಿದ್ದು, ನಾನೂ ಹೇಳಿದ್ದು. 1998ರ ಬೇಸಿಗೆಯಲ್ಲಿ ಒಂದು ದಿನ ಮಗಳ ಲೆಕ್ಕದ ಪುಸ್ತಕ ಕೈಗೆ ತಗೊಂಡು ಕೂತಿದ್ದೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ನಲವತ್ತು ಗುಂಟೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಅದರ ಮೇಲೆ ಒಂದು ಇಂಚು ಮಳೆ ಬಿದ್ದರೆ 3,630 ಘನ ಅಡಿ ನೀರು. ಒಂದು ಘನ ಅಡಿಗೆ 28 ಲೀಟರಿನ ಮೇಲೆ. ಗುಣಿಸಿ ನೋಡಿದರೆ ಒಂದು ಲಕ್ಷ ಲೀಟರು ಬಂತು. ತಪ್ಪಿರಬೇಕೆಂದು ಎರಡು ಸಲ ಮಾಡಿದೆ. ಅಷ್ಟೇ ಬಂತು. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕ ಹಾಕಿದರೆ ಒಂದು ಇಂಚು ಮಳೆಗೆ, ಒಂದು ಎಕರೆಗೆ ಇಪ್ಪತ್ತು ಟ್ಯಾಂಕರ್! ನಮ್ಮ ಜಿಲ್ಲೆಗೆ ವರ್ಷಕ್ಕೆ ಸರಾಸರಿ 22 ಇಂಚಿನ ಆಜುಬಾಜು ಮಳೆ. ಹಾಗಾದರೆ ‘ಮಳಿ ಇಲ್ಲ’ ಅನ್ನೋದು ಖರೇ ಅಲ್ಲ. ‘ಬಿದ್ದ ಮಳಿ ನಿಲ್ಲಿಸಿಲ್ಲ’ ಅನ್ನೋದು ಖರೆ. ಮೊದಲಿನ ಮಾತಿಗೆ ಮುಗಿಲು ನೋಡುತ್ತಾ ಕೂಡಬೇಕು. ಎರಡನೆಯದಕ್ಕೆ ಹೊಲಕ್ಕೆ ಹೋಗಬೇಕು.

ವಿಜಾಪುರದ ಕೃಷಿ ಸಂಶೋಧನಾ ಕೇಂದ್ರದವರು ಚೌಕು ಮಡಿ ಮಾಡಿರಿ ಎಂದು ಮೊದಲಿನಿಂದ ಹೇಳುತ್ತಲೇ ಇದ್ದರು. ಹಿಂಗಾರಿಗೆ ಬಿತ್ತುವ ಎರಿ ಹೊಲ ಮುಂಗಾರಿನಲ್ಲಿ ಖಾಲಿ ಬಿದ್ದಿರುತ್ತದೆ. ಜೋರು ಮಳೆ ಬಂದರೆ ನೀರು ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ಜೂನ್-ಜುಲೈದಾಗ ಒಂದು ಹದ ಸಿಕ್ಕ ಕೂಡಲೇ ಹರಗಿ, ಹೊಲದ ತುಂಬ ಉದ್ದಕ್ಕೂ ಅಡ್ಡಕ್ಕೂ ಸಣ್ಣ ಬದು ಎಬ್ಬಿಸಿ ಚದುರಂಗದ ಹಾಸಿನಂತೆ ಮಡಿ ಮಾಡಬೇಕು. ಇಳಿಜಾರು ಹೆಚ್ಚಿದ್ದಲ್ಲಿ ಮಡಿ ಸಣ್ಣವು, ಕಡಿಮೆ ಇದ್ದಲ್ಲಿ ದೊಡ್ಡವು. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಉತ್ತರಿ ಮಳೆಯ ಹೊತ್ತಿಗೆ ಮಡಿ ಹರಗಿ ಬಿಳಿಜೋಳ ಬಿತ್ತುವುದು. ಬಹಳ ಮಂದಿ ಬದುವನ್ನು ತೀರ ಕಿರಿದು ಮಾಡುತ್ತಾರೆ. ಮೊದಲ ಜೋರು ಮಳೆಗೆ ಒಂದು ಒಡೆಯಿತೆಂದರೆ ಸಾಲು ಹಿಡಿದು ಒಡೆಯುತ್ತವೆ. ಮಳೆ ಬಂದ ಮರುದಿನ ಸಲಿಕೆ ಹಿಡಿದು ಒಂದು ಸುತ್ತು ಹಾಕಲೇಬೇಕು.

1999ರಲ್ಲಿ ಎರಡು ಎಕರೆಗೆ ಮಾಡಿ ನಾಲ್ಕು ಎಕರೆ ಹಾಗೇ ಬಿಟ್ಟೆ. ಪೂರಾ ಹೊಲಕ್ಕೆ ಮಾಡುವ ಧೈರ್ಯ ಇರಲಿಲ್ಲ. ಮಡಿ ಮಾಡಿದ ಕಡೆ ಮಾಲದಂಡಿ ಜೋಳ ಎಕರೆಗೆ ಐದು ಚೀಲ ಬಂತು, ಉಳಿದ ಕಡೆ ಮೂರು. ಕಣಿಕೆಯೂ ಎತ್ತರ ಬಂತು. 2003ರ ಬರದಲ್ಲಿ ಮಾತ್ರ ಮಡಿಯೂ ನನ್ನನ್ನು ಉಳಿಸಲಿಲ್ಲ. ನಿಲ್ಲಿಸಲಿಕ್ಕೆ ಮಳೆಯೇ ಬೀಳಲಿಲ್ಲ. ಆ ವರ್ಷ ‘ಮಳಿ ಇಲ್ಲ’ ಅಂದದ್ದು ಖರೇ ಮಾತು.

ಬರೇ ಮಾತು ತಿರುಗಿಸಿದರೆ ಬೆಳೆ ಬರುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ‘ಯಾಕ ನೀಗಂಗಿಲ್ಲ, ನೀಗತೈತಿ’ ಎಂದು ಸಾಲ ತಂದು ಮೇಲಿಂದ ಮೇಲೆ ಬೋರು ಕೊರೆಸಿ ಹೊಲ ಕಳೆದುಕೊಂಡವರು ನಮ್ಮ ಕಡೆ ಇದ್ದಾರೆ. ಅದೂ ಲೆಕ್ಕ ಕೇಳದೆ ಆಡಿದ ಮಾತೇ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಹೊಲ ಕೊಟ್ಟ ನಮ್ಮ ಬೀಗರು ‘ನಾವು ಮುಳುಗಡಿ ಮಂದಿ’ ಅನ್ನುತ್ತಾರೆ. ಅವರಿಗೆ ಹೋಗಿ ಮಾತು ಬದಲಿಸಿರಿ ಅನ್ನುವ ಬಾಯಿ ನನಗಿಲ್ಲ.

ನಾನು ಮಾಡುವುದು ಇಷ್ಟೇ. ‘ನೀಗಂಗಿಲ್ಲ’ ಅಂತ ಬಾಯಿಗೆ ಬಂದರೆ ‘ಏನು ನೀಗಂಗಿಲ್ಲ?’ ಎಂದು ನನ್ನನ್ನೇ ಕೇಳುತ್ತೇನೆ. ದುಡ್ಡಿಲ್ಲವೋ, ಆಳಿಲ್ಲವೋ, ಮಾಡುವ ರೀತಿ ಗೊತ್ತಿಲ್ಲವೋ, ಮಂದಿ ನಗತಾರ ಅನ್ನೋ ಅಂಜಿಕೆಯೋ, ಇಲ್ಲ ಮನಸ್ಸೇ ಇಲ್ಲವೋ? ದುಡ್ಡಾದರೆ ಎಷ್ಟು? ಗೊತ್ತಿಲ್ಲದ್ದಾದರೆ ಯಾರನ್ನು ಕೇಳಬೇಕು? ಹತ್ತು ಸಲದಲ್ಲಿ ಆರು ಸಲ ನನ್ನದು ಅಂಜಿಕೆಯೇ ಇತ್ತು, ಹೆಸರು ಮಾತ್ರ ದುಡ್ಡಿನದು.

ಈ ಬುದ್ಧಿ ಹೊಲಕ್ಕೆ ಬಂತು, ಮನೆಗೆ ಬರಲಿಲ್ಲ. ಮಗಳು ಹತ್ತನೆತ್ತೆ ಪಾಸಾಗಿ ಜಮಖಂಡಿಗೆ ಕಾಲೇಜಿಗೆ ಹೋಗತೀನಿ ಅಂದಳು. ‘ನಮ್ಮಂಥವರಿಗೆ ಅದೆಲ್ಲ ನೀಗಂಗಿಲ್ಲ’ ಅಂದುಬಿಟ್ಟೆ. ನಮ್ಮಂಥವರು ಅಂದರೆ ಯಾರು? ಪಕ್ಕದ ಮುಧೋಳದಲ್ಲಿ ಸಾವಿರ ವರ್ಷದ ಹಿಂದೆ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಆದ. ಅದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವನೇ ನಾನು. ಮಗಳನ್ನು ರಬಕವಿಗೆ ಕೊಟ್ಟೆವು. ಈಗ ಅವಳ ಮಗಳು ಓದುವ ವಯಸ್ಸಿಗೆ ಬಂದಿದ್ದಾಳೆ. ಹೋದ ವರ್ಷ ಪಂಚಮಿಗೆ ಬಂದಾಗ ಆ ಮಾತು ಬಂತು. ‘ಯಪ್ಪಾ, ನೀ ಆವತ್ತ ಎಷ್ಟ ಖರ್ಚ ಅಂತ ಕೇಳಲೇ ಇಲ್ಲ’ ಅಂದಳು. ಸಿಟ್ಟಿನಿಂದ ಅಲ್ಲ, ಸುಮ್ಮನೆ ಅಂದಳು. ಅವಳು ಹೋದ ಮೇಲೆ ಆ ವರ್ಷದ ಲೆಕ್ಕ ಕೇಳಿ ತಿಳಿದುಕೊಂಡೆ. ಫೀ ಮತ್ತು ಬಸ್ ಪಾಸು ಕೂಡಿ ಎರಡು ಚೀಲ ಜೋಳದ ಒಳಗೇ ಮುಗಿಯುತ್ತಿತ್ತು. ಮಡಿ ಮಾಡಿದ್ದರಿಂದ ಹೆಚ್ಚು ಬಂದ ಜೋಳವೇ ಸಾಕಿತ್ತು.

ಇನ್ನೊಂದು ಬಾಕಿ ಇದೆ. ನಮ್ಮ ಹೊಲದ ಬೀಜದ ಜೋಳ ಆರಿಸುವವಳು ನನ್ನ ಹೆಂಡತಿ. ಕೊಯ್ಲಿಗೆ ಮೊದಲೇ ನಿಂತ ಬೆಳೆಯಲ್ಲಿ ತಿರುಗಾಡಿ ತೆನೆ ನೋಡಿ ದಾರ ಕಟ್ಟಿ ಬರುತ್ತಾಳೆ. ಅವನ್ನು ಬೇರೆ ಬಡಿದು, ಬೂದಿ ಬೆರೆಸಿ ಗಡಿಗೆ ತುಂಬುತ್ತಾಳೆ. ಯಾವ ತೆನೆ ಯಾಕೆ ಅಂತ ಕೇಳಿದರೆ ‘ನನಗೇನ ತಿಳೀತೈತಿ, ನಿಮ್ಮನ್ನ ಕೇಳರಿ’ ಅನ್ನುತ್ತಾಳೆ. ನನಗೆ ನಿಜವಾಗಿ ತಿಳಿಯುವುದಿಲ್ಲ. ಮೊನ್ನೆ ಹೇಳಿದೆ, ನೀನು ಹೊಲದಾಗ ನಿಂತು ಬಾಯಿಲೆ ಹೇಳು, ನಾನು ಬರಕೋತೀನಿ, ಪತ್ರಿಕೆಗೆ ನಿನ್ನ ಹೆಸರಿಗೆ ಕಳಸೂಣು ಅಂತ. ‘ನೋಡೂಣು’ ಅಂದಿದ್ದಾಳೆ. ಈ ಸಲದ ಜೋಳ ಹಾಲು ತುಂಬುತ್ತಿದೆ, ದಾರ ಕಟ್ಟುವ ದಿನ ದೂರ ಇಲ್ಲ.