ಸ್ಟಾರ್ ಟ್ರೆಕ್ ಪುರಾಣ ಮತ್ತು ಸಾಗರದ ಅಜ್ಜಿ

ಭಾನುವಾರ ಬೆಳಿಗ್ಗೆ ಸಾಗರಕ್ಕೆ ಫೋನ್ ಮಾಡುವುದು ಮಿಷಿಗನ್‌ನ ನಮ್ಮ ಮನೆಯಲ್ಲಿ ತಪ್ಪದ ಪದ್ಧತಿ. ಅಲ್ಲಿ ಆಗ ಸಂಜೆ. ದೇವರಿಗೆ ದೀಪ ಹಚ್ಚಿ ಅಮ್ಮ ನಮ್ಮ ಫೋನಿಗೇ ಕಾದು ಕೂತಿರುತ್ತಾಳೆ. ಹೋದ ತಿಂಗಳು ಅವಳ ಹಳೆಯ ಪ್ರಶ್ನೆ ಮತ್ತೆ ಬಂತು: "ಇನ್ನೂ ಎಷ್ಟು ವರ್ಷ ಅಲ್ಲೇ ಇರ್ತೀರಿ?" ನಾನೂ ಹಳೆಯ ಉತ್ತರವನ್ನೇ ಕೊಟ್ಟೆ. "ನಮ್ಮದು ತ್ರಿಶಂಕು ಸ್ಥಿತಿ ಕಣಮ್ಮಾ."

ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಮಗಳು ತಲೆಯೆತ್ತಿದಳು. "ಅಮ್ಮಾ, ತ್ರಿಶಂಕು ಅಂದ್ರೆ ಯಾರು?"

ಸಶರೀರವಾಗಿ ಸ್ವರ್ಗಕ್ಕೆ ಹೋಗಲು ಹೊರಟ ರಾಜ, ಕಳಿಸಿದ ವಿಶ್ವಾಮಿತ್ರ, ಕೆಳಕ್ಕೆ ನೂಕಿದ ಇಂದ್ರ, ನಡುವೆ ತಲೆಕೆಳಗಾಗಿ ನಿಂತವನಿಗೆಂದೇ ಸೃಷ್ಟಿಯಾದ ಬೇರೆ ನಕ್ಷತ್ರಲೋಕ, ಎಲ್ಲವನ್ನೂ ಎರಡು ನಿಮಿಷದಲ್ಲಿ ಹೇಳಿದೆ. ಅವಳು ನಕ್ಕಳು. "ನೀನು, ಅಜ್ಜಿ ಮಾತಾಡೋದು ಟಮೇರಿಯನ್ನರ ಥರಾನೇ ಇದೆ. ಒಂದೊಂದು ಪದಾನೂ ಗೊತ್ತು, ಏನು ಹೇಳ್ತಿದ್ದೀರಿ ಅಂತ ಗೊತ್ತಾಗಲ್ಲ."

ಈ ಟಮೇರಿಯನ್ನರು ಯಾರೆಂದು ಕೇಳುವ ಸರದಿ ಈಗ ನನ್ನದು.

ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಈ ಸಲ ಅವಳು ಆರಿಸಿಕೊಂಡ ಒಂದು ವಿಷಯ, ಟಿವಿಯ ವೈಜ್ಞಾನಿಕ ಕಥಾ ಧಾರಾವಾಹಿಗಳನ್ನು ಆಧುನಿಕ ಪುರಾಣಗಳೆಂದು ಓದುವುದು. ಮೊದಲು ಕೇಳಿದಾಗ ಫೀಸಿನ ಲೆಕ್ಕ ನೆನಪಾಗಿ ನನ್ನ ಮುಖ ಸಪ್ಪಗಾಗಿತ್ತು. ಟಿವಿ ನೋಡುವುದಕ್ಕೂ ಪಾಠವೇ? ಆದರೆ ಆ ಭಾನುವಾರ ಅವಳ ಜತೆ ಕೂತು "ಡಾರ್ಮೋಕ್" ಎಂಬ ಕಂತು ನೋಡಿದ ಮೇಲೆ ಆ ಮಾತನ್ನು ಮತ್ತೆ ಎತ್ತಿಲ್ಲ.

"ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್" ಸರಣಿಯಲ್ಲಿ 1991ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ಕಂತು ಅದು. ಎಂಟರ್‌ಪ್ರೈಸ್ ನೌಕೆಯಲ್ಲಿ ಯಾವ ಲೋಕದ ಭಾಷೆಯನ್ನಾದರೂ ಅನುವಾದಿಸುವ ಯಂತ್ರವಿದೆ. ಟಮೇರಿಯನ್ನರ ಎದುರು ಮಾತ್ರ ಅದು ಸೋಲುತ್ತದೆ. ಅವರು ಏನು ಹೇಳಬೇಕಿದ್ದರೂ ತಮ್ಮ ಪುರಾಣದ ವ್ಯಕ್ತಿ, ಸ್ಥಳ, ಪ್ರಸಂಗಗಳ ಹೆಸರು ಹೇಳುತ್ತಾರೆ, ಅಷ್ಟೇ. ಕಥೆ ಗೊತ್ತಿಲ್ಲದವನಿಗೆ ಪದ ಸಿಗುತ್ತದೆ, ಅರ್ಥ ಸಿಗುವುದಿಲ್ಲ. ಬೇರೆ ದಾರಿ ಕಾಣದೆ ಅವರ ಕ್ಯಾಪ್ಟನ್ ದಾಥನ್, ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಪಿಕಾರ್ಡ್‌ನನ್ನು ಒಂದು ನಿರ್ಜನ ಗ್ರಹಕ್ಕೆ ಇಳಿಸಿಕೊಳ್ಳುತ್ತಾನೆ. ಅವನ ಪುರಾಣದಲ್ಲಿ ಡಾರ್ಮೋಕ್ ಮತ್ತು ಜಲಾದ್ ಎಂಬ ಇಬ್ಬರು ಅಪರಿಚಿತರು ಒಂದು ದ್ವೀಪದಲ್ಲಿ ಸೇರಿ, ಸಮಾನ ಶತ್ರುವನ್ನು ಎದುರಿಸಿ, ಗೆಳೆಯರಾದರು. ಆ ಕಥೆಯನ್ನೇ ಇಬ್ಬರೂ ಬದುಕಿ ನೋಡಿದರೆ ಮಾತು ತಾನಾಗಿ ಹುಟ್ಟೀತು ಎಂಬುದು ದಾಥನ್‌ನ ಲೆಕ್ಕ. ಆ ಗ್ರಹದ ಮೃಗದ ಜತೆಗಿನ ಹೋರಾಟದಲ್ಲಿ ಅವನು ಮಾರಣಾಂತಿಕವಾಗಿ ಗಾಯಗೊಳ್ಳುತ್ತಾನೆ. ರಾತ್ರಿ ಬೆಂಕಿಯ ಪಕ್ಕ ಮಲಗಿ, ನಿನ್ನ ಲೋಕದ ಕಥೆ ಹೇಳು ಎಂದು ಸನ್ನೆಯಲ್ಲಿ ಕೇಳುತ್ತಾನೆ. ಪಿಕಾರ್ಡ್ ಗಿಲ್ಗಮೇಶ್ ಮತ್ತು ಎಂಕಿಡುವಿನ ಸ್ನೇಹದ ಕಥೆ ಹೇಳುತ್ತಾನೆ.

ನೋಡುತ್ತ ನನಗೆ ನಮ್ಮದೇ ಮಾತು ಕಿವಿಗೆ ಬಿತ್ತು. ಕುಂಭಕರ್ಣನ ನಿದ್ದೆ, ಭಗೀರಥ ಪ್ರಯತ್ನ, ಶಕುನಿ ಬುದ್ಧಿ, ಹನುಮಂತನ ಬಾಲ, ಲಕ್ಷ್ಮಣರೇಖೆ. ಇವಿಲ್ಲದೆ ಅಮ್ಮನ ಐದು ನಿಮಿಷದ ಫೋನ್ ಮಾತು ಮುಗಿಯುವುದಿಲ್ಲ. ಇಲ್ಲಿನ ಕನ್ನಡ ತರಗತಿಗಳಲ್ಲಿ ಮಕ್ಕಳಿಗೆ ಅಕ್ಷರ, ಬಣ್ಣಗಳ ಹೆಸರು, "ನಿನ್ನ ಹೆಸರೇನು" ಎಲ್ಲ ಕಲಿಸುತ್ತೇವೆ. ನಾನೂ ನಾಲ್ಕು ವರ್ಷ ಕಲಿಸಿದ್ದೇನೆ. ತ್ರಿಶಂಕುವಿನ ಬಗ್ಗೆ ಒಂದು ದಿನವೂ ಹೇಳಿದ ನೆನಪಿಲ್ಲ.

ಸ್ಟಾರ್ ಟ್ರೆಕ್ ಬಗ್ಗೆ ವಿಶ್ವವಿದ್ಯಾಲಯಗಳು ತಲೆ ಕೆಡಿಸಿಕೊಂಡದ್ದು ಇಂದು ನಿನ್ನೆಯಲ್ಲ. ಮೂಲ ಸರಣಿ 1966ರ ಸೆಪ್ಟೆಂಬರ್ 8ರಂದು ಶುರುವಾಗಿ, 79 ಕಂತು ಪೂರೈಸಿ, 1969ರಲ್ಲಿ ನಿಂತುಹೋಯಿತು. ನಿಂತ ಮೇಲೆಯೇ ಅದರ ನಿಜವಾದ ಆಯುಷ್ಯ ಆರಂಭವಾದದ್ದು. ಮರುಪ್ರಸಾರ ನೋಡಿದ ಜನ ಸಮ್ಮೇಳನ ನಡೆಸಿದರು, ತಾವೇ ಕಥೆ ಬರೆದರು. ಅವರ ಪತ್ರಗಳ ಒತ್ತಾಯಕ್ಕೆ 1976ರಲ್ಲಿ ನಾಸಾದ ಮೊದಲ ಷಟಲ್‌ಗೆ ಎಂಟರ್‌ಪ್ರೈಸ್ ಎಂಬ ಹೆಸರೇ ಬಂತು. ಮರುವರ್ಷ ವಿಲಿಯಂ ಬ್ಲೇಕ್ ಟಿರೆಲ್ ಈ ಸರಣಿಯನ್ನು ಪುರಾಣವೆಂದು, ಟಿವಿಯನ್ನು ಪುರಾಣ ಕಟ್ಟುವ ಯಂತ್ರವೆಂದು ನೋಡಿ ಲೇಖನ ಬರೆದರು. ಅವರು ನಮ್ಮ ಮನೆಯಿಂದ ಒಂದು ಗಂಟೆ ದಾರಿಯ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಗ್ರೀಕ್, ಲ್ಯಾಟಿನ್ ಸಾಹಿತ್ಯ ಕಲಿಸುತ್ತಿದ್ದವರು. ಪಶ್ಚಿಮದ ಗಡಿಯತ್ತ ಬಂಡಿ ಕಟ್ಟಿಕೊಂಡು ಹೊರಟ ಅಮೆರಿಕದ ಹಳೆಯ ಕಥೆ ಇಲ್ಲಿ ನಕ್ಷತ್ರಗಳ ನಡುವೆ ಮರುಹುಟ್ಟು ಪಡೆದಿದೆ ಎಂಬುದು ಅವರ ವಾದದ ತಿರುಳು. ಸರಣಿಯ ಕರ್ತೃ ಜೀನ್ ರಾಡನ್‌ಬೆರಿ ತಾನೇ ಅದನ್ನು "ನಕ್ಷತ್ರಗಳತ್ತ ಹೊರಟ ಬಂಡಿಸಾಲು" ಎಂಬರ್ಥದ ಮಾತಿನಲ್ಲಿ ಚಾನೆಲ್‌ಗೆ ಮಾರಲು ಹೋಗಿದ್ದ.

ಅದೇ 1977ರಲ್ಲಿ ರಾಬರ್ಟ್ ಜುವೆಟ್ ಮತ್ತು ಜಾನ್ ಶೆಲ್ಟನ್ ಲಾರೆನ್ಸ್ ಎಂಬ ಇಬ್ಬರು "ದಿ ಅಮೆರಿಕನ್ ಮಾನೋಮಿತ್" ಎಂಬ ಪುಸ್ತಕದಲ್ಲಿ ಇನ್ನೂ ಖಾರವಾದ ಮಾತು ಹೇಳಿದರು. ನೆಮ್ಮದಿಯ ಊರಿಗೆ ಗಂಡಾಂತರ ಬರುತ್ತದೆ, ಊರಿನ ವ್ಯವಸ್ಥೆ ಕೈಚೆಲ್ಲುತ್ತದೆ, ಹೊರಗಿನಿಂದ ವೀರನೊಬ್ಬ ಬಂದು ಉಳಿಸಿ ಹೊರಟುಹೋಗುತ್ತಾನೆ. ಕೌಬಾಯ್ ಚಿತ್ರದಿಂದ ಸ್ಟಾರ್ ಟ್ರೆಕ್‌ವರೆಗೆ ಇದೇ ಹಂದರ. ಕಾನೂನು, ಚುನಾವಣೆಗಳಿಗಿಂತ ಒಬ್ಬ ವೀರನ ಮೇಲೆ ಹೆಚ್ಚು ನಂಬಿಕೆ ಕಲಿಸುವ ಈ ಪುರಾಣ ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ ಎಂದರು ಅವರು. ನನಗೆ ಈ ಟೀಕೆ ನಿಜವೆನಿಸುತ್ತದೆ. ಬೇರೆ ಲೋಕದವರ ಬದುಕಿನಲ್ಲಿ ಕೈಹಾಕಬಾರದು ಎಂಬುದು ಕ್ಯಾಪ್ಟನ್ ಕರ್ಕ್‌ಗಿರುವ ಮೊದಲ ಆಜ್ಞೆ. ಅದನ್ನು ಆತ ಎಷ್ಟು ಸಲ ಮುರಿಯುತ್ತಾನೆಂದು ಎಣಿಸುತ್ತ ಕೂತರೆ ಸಂಜೆ ಕಳೆಯುತ್ತದೆ. (ನಮ್ಮ ಸಿನಿಮಾ ನಾಯಕರ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ.)

ಮಗಳು ಇವನ್ನೆಲ್ಲ ಓದಿ ಹೇಳುತ್ತಿರುವಾಗ ನನಗೆ ನೆನಪಾದದ್ದು ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್. ಮುನ್ನೂರು ರಾಮಾಯಣಗಳ ಕುರಿತ ಅವರ ಪ್ರಬಂಧ ಪುಸ್ತಕದಲ್ಲಿ ಬಂದದ್ದು 1991ರಲ್ಲಿ, ಡಾರ್ಮೋಕ್ ಬಂದ ವರ್ಷವೇ. ಇಂಥದ್ದೇ ಮೂಲ, ಉಳಿದವು ನಕಲು ಎಂಬ ಲೆಕ್ಕವನ್ನು ಅವರು ಒಪ್ಪುವುದಿಲ್ಲ. ಪ್ರತಿಯೊಂದೂ ಒಂದು ಹೇಳಿಕೆ. ಗರ್ಭ ಧರಿಸಿದ ರಾವಣ ಸೀನಿದಾಗ ಸೀತೆ ಹುಟ್ಟಿದಳು ಎನ್ನುವ ಕನ್ನಡದ ಜನಪದ ರಾಮಾಯಣಕ್ಕೂ ಅಲ್ಲಿ ವಾಲ್ಮೀಕಿಯ ಪಕ್ಕದಲ್ಲೇ ಜಾಗ. ರಾಮಕಥೆ ಒಂದಿಡೀ ನಾಡಿಗೆ ಎರಡನೆಯ ಭಾಷೆಯೇ ಆಗಿದೆ ಎನ್ನುತ್ತಾರೆ ಅವರು. ಟಮೇರಿಯನ್ನರ ವಿಷಯವೂ ಇದೇ ತಾನೆ? ಮಗಳಿಗೆ ಆ ಪ್ರಬಂಧ ಕೊಟ್ಟೆ. ಎರಡು ದಿನ ಅವಳು ರೂಮಿನಿಂದ ಸರಿಯಾಗಿ ಹೊರಗೆ ಬರಲಿಲ್ಲ. ಆಮೇಲೆ ಟರ್ಮ್ ಪೇಪರ್‌ನ ವಿಷಯ ಬದಲಾಗಿತ್ತು.

ಅವಳ ಪೇಪರ್ ಹಿಡಿದಿರುವ ಎಳೆ ಇದು: ಪುರಾಣಕ್ಕೆ ಮಾಲೀಕ ಇರಬಹುದೇ? 2015ರ ಕೊನೆಯಲ್ಲಿ, "ಆಕ್ಸನಾರ್" ಎಂಬ ಸ್ಟಾರ್ ಟ್ರೆಕ್ ಚಿತ್ರವನ್ನು ತಾವೇ ತಯಾರಿಸಲು ಹೊರಟ ಅಭಿಮಾನಿಗಳ ಮೇಲೆ ಹಕ್ಕುದಾರರಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ದಾವೆ ಹೂಡಿದವು. ಮರುವರ್ಷ ನಿಯಮಾವಳಿಯೂ ಬಂತು. ಅಭಿಮಾನಿಗಳ ಚಿತ್ರದ ಒಂದು ಕಥೆ 15 ನಿಮಿಷ ಮೀರಬಾರದು, ಎರಡು ಭಾಗ ಮಾಡಿದರೂ ಒಟ್ಟು 30 ನಿಮಿಷ. ವ್ಯಾಸರ ಕಡೆಯವರು ಕುಮಾರವ್ಯಾಸನಿಗೆ ಇಂಥ ನೋಟಿಸ್ ಕೊಟ್ಟಿದ್ದರೆ ಗದುಗಿನ ಭಾರತ ಎಲ್ಲಿರುತ್ತಿತ್ತು? ನಮ್ಮೂರಿನ ಕಡೆ ಮಳೆಗಾಲದ ತಾಳಮದ್ದಲೆಯಲ್ಲಿ ಕರ್ಣನ ಪ್ರಸಂಗ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ಪದ್ಯ ಅದೇ. ಆದರೆ ಅರ್ಥ ಹೇಳುವವರು ಬದಲಾದರೆ ಕರ್ಣನ ವಾದವೇ ಬದಲಾಗುತ್ತದೆ, ಕೆಲವೊಮ್ಮೆ ಕೃಷ್ಣನೇ ತಡವರಿಸಬೇಕಾಗುತ್ತದೆ. ಗಂಟೆಗಟ್ಟಲೆ ನಡೆದರೂ ಯಾರೂ ಅನುಮತಿ ಕೇಳುವುದಿಲ್ಲ. ಈ ತಾಳಮದ್ದಲೆಯ ಭಾಗವನ್ನು ಬರೆಯಲು ಮಗಳು ನನ್ನನ್ನು ಮೂರು ಸಂಜೆ ಕೂರಿಸಿಕೊಂಡು ಪ್ರಶ್ನೆ ಕೇಳಿದಳು. ನನಗೆ ಗೊತ್ತಿದ್ದದ್ದು ಒಂದೂವರೆ ಸಂಜೆಗೇ ಮುಗಿದುಹೋಯಿತು.

ಉಳಿದದ್ದಕ್ಕೆ ಅಜ್ಜಿಯೇ ಬೇಕಾಯಿತು. ಹೋದ ಭಾನುವಾರ ಫೋನನ್ನು ಮಗಳೇ ತೆಗೆದುಕೊಂಡಳು. ಪ್ರಶ್ನೆ ಕೇಳುವ ಮೊದಲು, ತನ್ನ ಅರೆಬರೆ ಕನ್ನಡದಲ್ಲಿ ಡಾರ್ಮೋಕ್ ಕಥೆ ಶುರು ಮಾಡಿದಳು. ಬಾಹ್ಯಾಕಾಶ ನೌಕೆ "ಆಕಾಶದ ಹಡಗು" ಆಯಿತು, ಮೃಗ "ಒಂದು ರಾಕ್ಷಸ" ಆಯಿತು. ಅಮ್ಮ ಆ ಕಡೆಯಿಂದ "ಹ್ಞೂಂ, ಹ್ಞೂಂ" ಎನ್ನುತ್ತಿದ್ದಳು. ಸಾಯುವವನಿಗೆ ಬೆಂಕಿಯ ಪಕ್ಕ ಕೂತು ಕಥೆ ಹೇಳಿದ ಭಾಗ ಬರುತ್ತಲೇ ಹ್ಞೂಂಗುಟ್ಟುವುದು ನಿಂತಿತು. ಲೈನ್ ಹೋಯಿತೇನೋ ಎಂದುಕೊಂಡೆವು.

"ಅಂದ್ರೆ ಪರೀಕ್ಷಿತನ ಹಾಗೆ ಅನ್ನು," ಎಂದಳು ಅಮ್ಮ.

"ಪರೀಕ್ಷಿತ ಯಾರಜ್ಜಿ?"

"ಅಯ್ಯೋ, ನಿನ್ನಮ್ಮ ಅದೂ ಹೇಳಿಲ್ವಾ? ಫೋನ್ ಇಡಬೇಡ, ಒಲೆ ಆರಿಸಿ ಬರ್ತೀನಿ."