ದೂರದ ಮೇಜಿನ ಮೇಲೆ ನಮ್ಮ ಕೈ

2020ರಲ್ಲಿ ಕಾಲೇಜುಗಳು ಮುಚ್ಚಿದ್ದ ದಿನಗಳವು. ಪ್ರಯೋಗಶಾಲೆಯ ಕಂಪ್ಯೂಟರನ್ನು ನಾವು ಮನೆಯಿಂದಲೇ ‘ರಿಮೋಟ್ ಡೆಸ್ಕ್‌ಟಾಪ್’ ಮೂಲಕ ನಡೆಸುತ್ತಿದ್ದೆವು. ಒಂದು ದಿನ ಸಂಪರ್ಕವು ಕುಂಟತೊಡಗಿತು. ಅಲ್ಲಿನ ಯಂತ್ರದ ನೆಟ್‌ವರ್ಕನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸೋಣವೆಂದುಕೊಂಡೆವು. ಆರಿಸಿದೆವು, ಹೊತ್ತಿಸಲು ದಾರಿಯೇ ಉಳಿಯಲಿಲ್ಲ! ಕುಳಿತ ಕೊಂಬೆಯನ್ನೇ ಕಡಿದ ಜಾಣರ ಸಾಲಿಗೆ ನಾವೂ ಸೇರಿದೆವು. ಅನುಮತಿ ಪಡೆದು ಖುದ್ದಾಗಿ ಅಲ್ಲಿಗೆ ಹೋಗಬೇಕಾಯಿತು.

ಈ ಏರ್ಪಾಡಿನಲ್ಲಿ ಲೆಕ್ಕವನ್ನೆಲ್ಲ ದೂರದ ಯಂತ್ರವೇ ಮಾಡುತ್ತದೆ. ನಮ್ಮ ಕೀಲಿಮಣೆಯ ಒತ್ತು, ಮೌಸಿನ ಚಲನೆ ಅತ್ತ ಹೋಗುತ್ತವೆ. ಅಲ್ಲಿನ ತೆರೆಯ ಚಿತ್ರ ಇತ್ತ ಬರುತ್ತದೆ. ಕೇಳಲು ಸುಲಭ, ಆದರೆ ಆ ಚಿತ್ರದ ತೂಕವನ್ನು ನೋಡೋಣ. 1920 × 1080 ಚುಕ್ಕೆಗಳ ತೆರೆಯಲ್ಲಿ ಒಟ್ಟು ಚುಕ್ಕೆಗಳು 20 ಲಕ್ಷಕ್ಕೂ ಹೆಚ್ಚು. ಚುಕ್ಕೆಗೆ 3 ಬೈಟಿನಂತೆ ಒಂದು ಚಿತ್ರಕ್ಕೆ ಸುಮಾರು 62 ಲಕ್ಷ ಬೈಟು. ಸೆಕೆಂಡಿಗೆ 60 ಸಲ ಕಳುಹಿಸುವುದಾದರೆ 37 ಕೋಟಿ! ಸಾಮಾನ್ಯ ಮನೆಯ ಸಂಪರ್ಕವು ಹೊರುವ ಹೊರೆಯೇ ಇದು?

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಪ್ರಯೋಗಶಾಲೆಯಲ್ಲಿ 1990ರ ದಶಕದಲ್ಲಿ ಹುಟ್ಟಿದ ವಿ.ಎನ್.ಸಿ. ಎಂಬ ಏರ್ಪಾಡಿನಲ್ಲಿ ಇದಕ್ಕೊಂದು ಸೊಗಸಾದ ಉಪಾಯವುಂಟು. ತೆರೆಯಲ್ಲಿ ಬದಲಾದ ಆಯತಗಳನ್ನು ಮಾತ್ರ ಕಳುಹಿಸುವುದು. ಕಿಟಕಿಯೊಂದನ್ನು ಪಕ್ಕಕ್ಕೆ ಸರಿಸಿದರೆ ಅದರ ಚಿತ್ರವನ್ನು ಮತ್ತೆ ಕಳುಹಿಸುವುದೂ ಬೇಡ. ‘ನಿನ್ನಲ್ಲಿರುವ ಆ ಭಾಗವನ್ನೇ ಇಲ್ಲಿಗೆ ನಕಲು ಮಾಡಿಕೋ’ ಎಂಬ ಪುಟ್ಟ ಸಂದೇಶ ಸಾಕು. ಚಲನಚಿತ್ರ ಹಾಕಿದಾಗ ಮಾತ್ರ ಈ ಜಾಣತನ ಸೋಲುತ್ತದೆ. ಅಲ್ಲಿ ಎಲ್ಲ ಚುಕ್ಕೆಗಳೂ ಬದಲಾಗುತ್ತಲೇ ಇರುತ್ತವಷ್ಟೆ.

ಹೊರೆಯನ್ನು ಇಳಿಸಬಹುದು, ದೂರವನ್ನು ಇಳಿಸಲಾಗದು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಬೆಂಗಳೂರಿನಿಂದ ಕೇಂಬ್ರಿಜ್‌ಗೆ ನೇರವಾಗಿ ಅಳೆದರೂ ಸುಮಾರು 8,000 ಕಿಲೋಮೀಟರು. ಹೋಗಿಬರಲು 0.08 ಸೆಕೆಂಡು ಬೇಕೇ ಬೇಕು. ಕೇಬಲ್ಲುಗಳು ಸುತ್ತುಬಳಸಿ ಸಾಗುವುದರಿಂದ ನಿಜವಾದ ವಿಳಂಬ ಇನ್ನೂ ಹೆಚ್ಚು. ಮೌಸಿನ ಬಾಣವು ಕೈಗಿಂತ ಹಿಂದೆ ಬೀಳುವುದು ಇದರಿಂದಲೇ.

ಇದಕ್ಕಿಂತ ಘೋರವಾದ ದೋಷ ಬೇರೆ. ನಮಗೆ ತೆರೆದ ಬಾಗಿಲು ಕಳ್ಳನಿಗೂ ಬಾಗಿಲೇ. 2019ರ ಮೇ ತಿಂಗಳಲ್ಲಿ ಹಳೆಯ ವಿಂಡೋಸ್ ಯಂತ್ರಗಳ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ‘ಬ್ಲೂಕೀಪ್’ ಎಂಬ ಬಿರುಕು ಬಯಲಾಯಿತು. ಗುಪ್ತಪದವಿಲ್ಲದೆಯೇ ಒಳನುಗ್ಗಲು ಅದು ಎಡೆಗೊಡುತ್ತಿತ್ತು. 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಒದಗಿಸಬೇಕಾಯಿತು. ಬಿರುಕಿಲ್ಲದಿದ್ದರೂ ವಂಚಕರು ಬಲ್ಲ ದಾರಿಯೊಂದುಂಟು: ಬ್ಯಾಂಕಿನವರೆಂದು ಫೋನು ಮಾಡಿ, ಇಂಥ ತಂತ್ರಾಂಶವನ್ನು ನಮ್ಮ ಕೈಯಿಂದಲೇ ಹಾಕಿಸುವುದು. ಬಳಿಕ ತೆರೆಯ ಮೇಲೆ ಮೂಡುವ ಓ.ಟಿ.ಪಿ. ಅವರ ಕಣ್ಣಿಗೂ ಬೀಳುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2019ರಲ್ಲೇ ಈ ಬಗೆಯ ಮೋಸದ ಬಗ್ಗೆ ಎಚ್ಚರಿಸಿತ್ತು. ಮನೆಯ ಹಿರಿಯರು ಇಂಥ ಕರೆಗೆ ಸಿಕ್ಕಿಬಿದ್ದಾಗ, ಅಂದು ನಾವು ಅರಿಯದೆ ಮಾಡಿದ ಕೆಲಸವನ್ನೇ ಮೊದಲು ಮಾಡಬೇಕು. ನೆಟ್‌ವರ್ಕನ್ನು ಆರಿಸಿದೊಡನೆ ಅತ್ತಲಿನ ಕೈ ನಿಂತುಹೋಗುತ್ತದೆ. ಬ್ಯಾಂಕಿಗೆ ತಿಳಿಸಲು ಬೇರೊಂದು ಫೋನನ್ನು ಬಳಸಬೇಕು.